ಕ್ಷ-ಕಿರಣಕ್ಕೆ ಕಾಣದ ಪರಮಾಣು: ಒಂದು ಆಕ್ಸಿಹೈಡ್ರೈಡ್‌ನ ರಚನೆಯನ್ನು ನಿರ್ಧರಿಸಿದ ಅನುಭವ

ಸ್ಟ್ರಾಂಷಿಯಂ, ಬೇರಿಯಂ, ವನೇಡಿಯಂ, ಆಕ್ಸಿಜನ್ ಮತ್ತು ಹೈಡ್ರೋಜನ್ ಸೇರಿ ಪದರ ಪದರವಾಗಿ ಜೋಡಣೆಗೊಂಡ ಒಂದು ಹೊಸ ಸಂಯುಕ್ತದ ಸ್ಫಟಿಕ ರಚನೆಯನ್ನು ನಿರ್ಧರಿಸುವ ಕೆಲಸವನ್ನು ಈಗಷ್ಟೇ ಮುಗಿಸಿದ್ದೇನೆ. ಸಂಶೋಧನಾ ಲೇಖನದಲ್ಲಿ ಇಡೀ ಕೆಲಸ ಒಂದು ಕೋಷ್ಟಕ, ಒಂದೆರಡು ಚಿತ್ರ ಮತ್ತು ಕೆಲವೇ ವಾಕ್ಯಗಳಲ್ಲಿ ಅಡಕವಾಗಿದೆ. ಅದನ್ನು ಓದಿದವರಿಗೆ ಪುಡಿಯನ್ನು ಯಂತ್ರದಲ್ಲಿ ಇಟ್ಟ ಕೂಡಲೇ ಉತ್ತರ ಸಿಕ್ಕಿತೆಂದು ತೋರಬಹುದು. ಎಲ್ಲೆಲ್ಲಿ ಕಾಯಬೇಕಾಯಿತು, ಯಾವ ಕಾಗದಪತ್ರಗಳು ಬೇಕಾದವು, ಯಾವ ಅನುಮಾನ ಯಾವ ಮಾಪನದಿಂದ ಬಗೆಹರಿಯಿತು ಎಂಬುದನ್ನು ಇದೇ ಬಗೆಯ ಕೆಲಸಕ್ಕೆ ಕೈಹಾಕುವವರಿಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಸಂಯುಕ್ತದ ಬಗ್ಗೆ ಎರಡು ಮಾತು. ಆಕ್ಸಿಹೈಡ್ರೈಡ್‌ಗಳಲ್ಲಿ ಹೈಡ್ರೋಜನ್ ನಮಗೆ ಪರಿಚಿತವಾದ ಧನ ಅಯಾನಿನ ರೂಪದಲ್ಲಿ ಇರುವುದಿಲ್ಲ. ಒಂದು ಎಲೆಕ್ಟ್ರಾನನ್ನು ಹೆಚ್ಚುವರಿಯಾಗಿ ಪಡೆದ ಹೈಡ್ರೈಡ್ ಅಯಾನಾಗಿ, ಆಕ್ಸೈಡ್ ಅಯಾನು ಕೂರಬೇಕಾದ ಜಾಗದಲ್ಲೇ ಕೂತಿರುತ್ತದೆ. ಹೈಡ್ರೈಡ್ ಬಹಳ ಪ್ರಬಲವಾದ ಅಪಕರ್ಷಕವಾದ್ದರಿಂದ ಸಂಕ್ರಮಣ ಲೋಹದ ಆಕ್ಸೈಡ್ ಒಂದರೊಳಗೆ ಅದು ಕೆಡದೆ ಉಳಿಯುವುದೇ ಅಪರೂಪ. ಲ್ಯಾಂಥನಂ, ಸ್ಟ್ರಾಂಷಿಯಂ ಮತ್ತು ಕೋಬಾಲ್ಟ್ ಇರುವ ಅಂಥದೊಂದು ಸಂಯುಕ್ತ 2002ರಲ್ಲಿ ವರದಿಯಾದಾಗ ಈ ಕ್ಷೇತ್ರಕ್ಕೆ ಹೊಸ ಚಾಲನೆ ಸಿಕ್ಕಿತು. 2012ರಲ್ಲಿ ಬೇರಿಯಂ ಟೈಟನೇಟ್‌ನಲ್ಲಿ ಆಕ್ಸಿಜನ್‌ನ ಒಂದು ಪಾಲನ್ನು ಹೈಡ್ರೈಡ್‌ಗೆ ಬದಲಿಸಲಾಯಿತು. 2014ರಲ್ಲಿ ಪ್ರತಿ ವನೇಡಿಯಂಗೆ ಎರಡು ಆಕ್ಸಿಜನ್ ಮತ್ತು ಒಂದು ಹೈಡ್ರೈಡ್ ಇರುವ, ಆ ಎರಡೂ ತಮ್ಮ ತಮ್ಮ ಸ್ಥಾನಗಳಲ್ಲಿ ಕ್ರಮವಾಗಿ ಕೂತಿರುವ ಸ್ಟ್ರಾಂಷಿಯಂ ಸಂಯುಕ್ತ ಬೆಳಕಿಗೆ ಬಂದಿತು. ನಾನು ಕೆಲಸ ಮಾಡಿದ ಪುಡಿ ಈ ಕೊನೆಯ ಸಂಯುಕ್ತದ ಪದರ ರೂಪದ ಸಂಬಂಧಿ. ಅದರಲ್ಲಿ ಸ್ಟ್ರಾಂಷಿಯಂನ ಸ್ವಲ್ಪ ಪಾಲನ್ನು ಅದಕ್ಕಿಂತ ದೊಡ್ಡದಾದ ಬೇರಿಯಂಗೆ ಬದಲಿಸಿದ್ದೆವು.

ತಯಾರಿಕೆಯ ಹಂತ ದೀರ್ಘವಾದರೂ ವಿವರಿಸುವುದು ಕಷ್ಟವಲ್ಲ. ಕಾರ್ಬೊನೇಟ್‌ಗಳನ್ನೂ ವನೇಡಿಯಂ ಪೆಂಟಾಕ್ಸೈಡನ್ನೂ ಅರೆದು ಗಾಳಿಯಲ್ಲಿ ಕಾಯಿಸಿ, ಬಳಿಕ ಹೈಡ್ರೋಜನ್ ಬೆರೆತ ಆರ್ಗಾನ್ ಹರಿಯುವ ಕುಲುಮೆಯಲ್ಲಿ ಅಪಕರ್ಷಿಸಿದರೆ ಪದರ ರಚನೆಯ ಆಕ್ಸೈಡ್ ದೊರೆಯುತ್ತದೆ. ಅದನ್ನು ಆರ್ಗಾನ್ ತುಂಬಿದ ಗ್ಲೋವ್ ಬಾಕ್ಸಿನೊಳಗೆ ಕ್ಯಾಲ್ಸಿಯಂ ಹೈಡ್ರೈಡ್ ಜೊತೆ ಅರೆದು, ಗಾಳಿ ಹೊರತೆಗೆದ ಕೊಳವೆಯಲ್ಲಿ ಮುಚ್ಚಿ, ಕೆಲವು ನೂರು ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಹಳ ಹೊತ್ತು ಇಟ್ಟು, ತೆಗೆದು, ಮತ್ತೆ ಅರೆದು, ಮತ್ತೆ ಮುಚ್ಚಬೇಕು. ಹೀಗೆ ಪದೇ ಪದೇ ಅರೆಯದೆ ಕ್ರಿಯೆ ಪೂರ್ಣವಾಗುವುದಿಲ್ಲ. ಕೊಳವೆಯೊಳಗೆ ಹೈಡ್ರೋಜನ್ ಒತ್ತಡ ಏರುವುದರಿಂದ ಕುಲುಮೆಗೆ ರಕ್ಷಾಕವಚ ಇಲ್ಲದೆ ಈ ಕೆಲಸ ಮಾಡಬಾರದು; ವನೇಡಿಯಂ ಪೆಂಟಾಕ್ಸೈಡ್‌ನ ಧೂಳು ವಿಷಕಾರಿ ಎಂಬುದೂ ನೆನಪಿರಲಿ. ಕೊನೆಗೆ ಅಮೋನಿಯಂ ಕ್ಲೋರೈಡ್ ಕರಗಿಸಿದ ಒಣ ಮೆಥನಾಲಿನಲ್ಲಿ ತೊಳೆದರೆ ಮಿಕ್ಕ ಕ್ಯಾಲ್ಸಿಯಂ ಹೈಡ್ರೈಡ್ ಮತ್ತು ಕ್ಯಾಲ್ಸಿಯಂ ಆಕ್ಸೈಡ್ ಹೊರಟುಹೋಗುತ್ತವೆ. ತೊಳೆದ ಪುಡಿಯನ್ನು ನಿರ್ವಾತದಲ್ಲಿ ಒಂದು ರಾತ್ರಿಯಾದರೂ ಇಡಿ. ಮೇಲ್ಮೈಗೆ ಅಂಟಿದ ಮೆಥನಾಲಿನಲ್ಲೂ ಹೈಡ್ರೋಜನ್ ಇದೆ, ಮುಂದೆ ನೀವು ಹುಡುಕಲು ಹೊರಟಿರುವುದೂ ಹೈಡ್ರೋಜನ್ನನ್ನೇ.

ಪ್ರಯೋಗಾಲಯದ ಕ್ಷ-ಕಿರಣ ಯಂತ್ರದಲ್ಲಿ ತೆಗೆದ ಮೊದಲ ವಿವರ್ತನೆ ನಕ್ಷೆ (ಯಾವ ಕೋನದಲ್ಲಿ ಎಷ್ಟು ಕಿರಣ ಚದುರಿ ಬರುತ್ತದೆ ಎಂದು ಶಿಖರಗಳಾಗಿ ತೋರಿಸುವ ರೇಖಾಚಿತ್ರ) ಸಂತೋಷವನ್ನೂ ಗೊಂದಲವನ್ನೂ ಒಟ್ಟಿಗೆ ತಂದಿತು. ಮೂಲ ಆಕ್ಸೈಡಿನಲ್ಲಿ ಪದರದೊಳಗಿನ ಎರಡು ದಿಕ್ಕುಗಳು ಸಮಾನವಾಗಿದ್ದವು, ಅಂದರೆ ರಚನೆ ಟೆಟ್ರಾಗೋನಲ್ ಆಗಿತ್ತು. ಕ್ರಿಯೆಯ ನಂತರ ಅವುಗಳಲ್ಲಿ ಒಂದು ದಿಕ್ಕು ಸ್ಪಷ್ಟವಾಗಿ ಕುಗ್ಗಿತ್ತು ಮತ್ತು ಒಂದೇ ಆಗಿದ್ದ ಶಿಖರಗಳು ಎರಡಾಗಿ ಸೀಳಿದ್ದವು. ಪದರದೊಳಗೆ ಒಂದು ಸಾಲಿನ ಆಕ್ಸಿಜನ್‌ಗಳು ಹೊರಟುಹೋಗಿವೆ ಎಂಬುದು ಇದರ ಅರ್ಥ. ಆದರೆ ಅವು ಬಿಟ್ಟುಹೋದ ಜಾಗದಲ್ಲಿ ಈಗ ಏನಿದೆ? ಎರಡು ಸ್ಟ್ರಾಂಷಿಯಂ, ಒಂದು ತಾಮ್ರ, ಮೂರು ಆಕ್ಸಿಜನ್ ಇರುವ ಪ್ರಸಿದ್ಧ ಆಕ್ಸೈಡಿನಲ್ಲಿ ಇದೇ ಸ್ಥಾನ ನಿಜಕ್ಕೂ ಖಾಲಿಯಾಗಿದೆ, ಅದರ ಸಮ್ಮಿತಿಯೂ ನಮ್ಮದರಂತೆಯೇ ಇದೆ. ಹಾಗಾಗಿ ನಮ್ಮದೂ ಖಾಲಿ ಸ್ಥಾನಗಳ ಆಕ್ಸೈಡ್ ಆಗಿರಬಹುದು, ಹೈಡ್ರೈಡ್ ತುಂಬಿದ ಆಕ್ಸಿಹೈಡ್ರೈಡ್ ಆಗಿರಬಹುದು ಅಥವಾ ಎರಡರ ನಡುವಿನ ಯಾವುದೋ ಒಂದು ಆಗಿರಬಹುದು. ಕ್ಷ-ಕಿರಣಗಳು ಎಲೆಕ್ಟ್ರಾನ್‌ಗಳಿಂದ ಚದುರುತ್ತವೆ. ಬೇರಿಯಂ ಪರಮಾಣುವಿನಲ್ಲಿ 56, ಸ್ಟ್ರಾಂಷಿಯಂನಲ್ಲಿ 38, ವನೇಡಿಯಂನಲ್ಲಿ 23 ಎಲೆಕ್ಟ್ರಾನ್‌ಗಳಿರುವಾಗ ಪುಡಿಯ ನಕ್ಷೆಯಲ್ಲಿ ಹೈಡ್ರೈಡಿನ ಎರಡೇ ಎರಡು ಎಲೆಕ್ಟ್ರಾನ್‌ಗಳನ್ನು ಗುರುತಿಸುವುದು ಆಗದ ಮಾತು. ಖಾಲಿ ಮಾದರಿ, ತುಂಬಿದ ಮಾದರಿ ಎರಡನ್ನೂ ಕೊಟ್ಟು ರಿಟ್‌ವೆಲ್ಡ್ ವಿಧಾನದಲ್ಲಿ ರಿಫೈನ್‌ಮೆಂಟ್ (ಲೆಕ್ಕಹಾಕಿದ ನಕ್ಷೆ ಅಳೆದ ನಕ್ಷೆಗೆ ಹೊಂದುವವರೆಗೆ ಮಾದರಿಯನ್ನು ತಿದ್ದುವುದು) ಮಾಡಿದಾಗ ಎರಡಕ್ಕೂ ಬಂದ ಆರ್ ಮೌಲ್ಯಗಳ (ಎರಡು ನಕ್ಷೆಗಳು ಎಷ್ಟು ಹೊಂದುವುದಿಲ್ಲ ಎಂಬುದರ ಅಳತೆ) ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಲೆಕ್ಕಹಾಕಿದ ಗೆರೆ ಅಳೆದ ಬಿಂದುಗಳ ಮೇಲೆ ಎಷ್ಟೇ ಚೆನ್ನಾಗಿ ಕೂತರೂ, ಆ ಅಳತೆಗೆ ಕಾಣದೇ ಇರುವ ಪರಮಾಣುವಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಆದ್ದರಿಂದ ಹೈಡ್ರೋಜನ್ನನ್ನೂ ಕಾಣಬಲ್ಲ ನ್ಯೂಟ್ರಾನ್ ವಿವರ್ತನೆ ಅನಿವಾರ್ಯವಾಯಿತು, ನಿಜವಾದ ಕಾಯುವಿಕೆ ಶುರುವಾದದ್ದೂ ಇಲ್ಲಿಂದಲೇ. ನ್ಯೂಟ್ರಾನ್ ಮೂಲಗಳು ಕೆಲವೇ ಕಡೆ ಇವೆ, ಅವುಗಳಲ್ಲಿ ಹೆಚ್ಚಿನವು ವರ್ಷಕ್ಕೆ ಎರಡು ಬಾರಿ ಅರ್ಜಿ ಕರೆಯುತ್ತವೆ. ಅರ್ಜಿಯಲ್ಲಿ ವೈಜ್ಞಾನಿಕ ಪ್ರಶ್ನೆ, ಈ ಪ್ರಶ್ನೆಗೆ ನ್ಯೂಟ್ರಾನೇ ಏಕೆ ಬೇಕು, ಯಾವ ಉಪಕರಣ, ಎಷ್ಟು ಸಮಯ, ಎಷ್ಟು ಪುಡಿ ಎಂಬುದನ್ನು ಬಹಳ ಚಿಕ್ಕದಾಗಿ ಬರೆಯಬೇಕು. ನಮ್ಮ ಅರ್ಜಿಗೆ ಬಲ ತಂದದ್ದು ಎರಡೂ ಮಾದರಿಗಳಿಗೆ ಮುಂಚಿತವಾಗಿ ಲೆಕ್ಕಹಾಕಿದ ನ್ಯೂಟ್ರಾನ್ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು, ಎಲ್ಲೆಲ್ಲಿ ಅವು ಬೇರೆಯಾಗುತ್ತವೆ ಎಂದು ತೋರಿಸಿದ ಒಂದೇ ಒಂದು ಚಿತ್ರ ಎಂದು ನನ್ನ ನಂಬಿಕೆ. ಅರ್ಜಿ ಒಪ್ಪಿಗೆಯಾದ ಮೇಲೆ ಸುರಕ್ಷತಾ ಪತ್ರ, ಪುಡಿಯ ಪೂರ್ಣ ರಾಸಾಯನಿಕ ಸಂಯೋಜನೆ, ಅದು ಗಾಳಿಯಲ್ಲಿ ಹೇಗೆ ವರ್ತಿಸುತ್ತದೆ, ಬಿಸಿಯಾದರೆ ಯಾವ ಅನಿಲ ಬಿಡುತ್ತದೆ ಎಂಬ ವಿವರಗಳನ್ನೆಲ್ಲ ಕೊಡಬೇಕು. ‘ಹೈಡ್ರೈಡ್’ ಎಂದು ಬರೆದ ಕೂಡಲೇ ಸುರಕ್ಷತಾ ವಿಭಾಗದಿಂದ ಪ್ರಶ್ನೆಗಳ ಸರಣಿ ಬರುತ್ತದೆ. ಪುಡಿ ತೇವಾಂಶದಲ್ಲಿ ಉರಿಯುವುದಿಲ್ಲ ಎಂಬುದಕ್ಕೆ ಪರೀಕ್ಷೆಯ ದಾಖಲೆ ಮೊದಲೇ ಕೈಯಲ್ಲಿದ್ದರೆ ವಾರಗಟ್ಟಲೆ ಉಳಿಯುತ್ತದೆ. ಫಲಿತಾಂಶವನ್ನು ಪ್ರಕಟಿಸುವ ಸಂಶೋಧನೆಗೆ ಕಿರಣದ ಸಮಯಕ್ಕೆ ಸಾಮಾನ್ಯವಾಗಿ ಶುಲ್ಕ ಇರುವುದಿಲ್ಲ. ಖರ್ಚೆಲ್ಲ ಪ್ರಯಾಣ, ಪುಡಿಯ ಸಾಗಣೆ ಮತ್ತು ಗ್ರಾಂಗಟ್ಟಲೆ ಪುಡಿ ತಯಾರಿಸುವುದರಲ್ಲಿ ಆಗುತ್ತದೆ. ಕ್ಷ-ಕಿರಣಕ್ಕೆ ಚಿಟಿಕೆ ಪುಡಿ ಸಾಕು, ನ್ಯೂಟ್ರಾನಿಗೆ ಒಂದೆರಡು ಗ್ರಾಂ ಬೇಕು, ಮತ್ತು ಚಿಕ್ಕ ಕೊಳವೆಗಳಲ್ಲಿ ಮಾಡಿದ ಹಲವು ಕಂತಿನ ಪುಡಿಗಳನ್ನು ಬೆರೆಸುವ ಮುನ್ನ ಪ್ರತಿಯೊಂದರ ಕ್ಷ-ಕಿರಣ ನಕ್ಷೆ ತೆಗೆದು ಅವೆಲ್ಲ ಒಂದೇ ಎಂದು ಖಚಿತಪಡಿಸಿಕೊಳ್ಳಬೇಕು.

ಕಾಯುವ ಆ ತಿಂಗಳುಗಳನ್ನು ಬೇರೆ ಸಾಕ್ಷ್ಯ ಕೂಡಿಸಲು ಬಳಸಿದೆವು. ಇನ್‌ಫ್ರಾರೆಡ್ ನಕ್ಷೆಯಲ್ಲಿ ಆಕ್ಸಿಜನ್-ಹೈಡ್ರೋಜನ್ ಬಂಧದ ಗುರುತು ಇರಲಿಲ್ಲ, ಆದ್ದರಿಂದ ಹೈಡ್ರೋಜನ್ ಇದ್ದರೂ ಅದು ಹೈಡ್ರಾಕ್ಸೈಡ್ ಆಗಿರಲಿಲ್ಲ. ಆರ್ಗಾನ್‌ನಲ್ಲಿ ಕಾಯಿಸಿ ಹೊರಬಂದ ಅನಿಲವನ್ನು ದ್ರವ್ಯರಾಶಿ ರೋಹಿತಮಾಪಕಕ್ಕೆ ಹರಿಸಿದಾಗ ದ್ರವ್ಯರಾಶಿ 2ರಲ್ಲಿ, ಅಂದರೆ ಹೈಡ್ರೋಜನ್ ಅನಿಲದ ಸ್ಥಾನದಲ್ಲಿ, ಸ್ಪಷ್ಟ ಸಂಕೇತ ಬಂದಿತು. ಆಕ್ಸಿಜನ್ ಹರಿಸಿ ಕಾಯಿಸುವಾಗ ತೂಕ ಎಷ್ಟು ಏರುತ್ತದೆ ಎಂದೂ ಅಳೆದೆವು. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಬೇರಿಯಂ ಇಲ್ಲದ ಸರಳ ಸೂತ್ರಕ್ಕೆ (ಎರಡು ಸ್ಟ್ರಾಂಷಿಯಂ, ಒಂದು ವನೇಡಿಯಂ, ಮೂರು ಆಕ್ಸಿಜನ್, ಒಂದು ಹೈಡ್ರೈಡ್) ಲೆಕ್ಕ ಹಾಕಿ ನೋಡಿ: ವನೇಡಿಯಂ ಪೂರ್ಣವಾಗಿ ಉತ್ಕರ್ಷಣೆಗೊಂಡಾಗ ಹೈಡ್ರೈಡ್ ತುಂಬಿದ ಸಂಯುಕ್ತದ ತೂಕ ಶೇಕಡಾ 8.35ರಷ್ಟು, ಖಾಲಿ ಸ್ಥಾನಗಳ ಸಂಯುಕ್ತದ ತೂಕ ಶೇಕಡಾ 8.75ರಷ್ಟು ಏರಬೇಕು. ತೀರ್ಪು ನಿಂತಿರುವುದು ಶೇಕಡಾ 0.4ರ ಅಂತರದ ಮೇಲೆ. ಪುಡಿಯಲ್ಲಿ ಸ್ವಲ್ಪ ತೇವ ಅಥವಾ ಕ್ಯಾಲ್ಸಿಯಂ ಆಕ್ಸೈಡ್ ಉಳಿದಿದ್ದರೂ ಆ ಅಂತರ ಅಳಿಸಿಹೋಗುತ್ತದೆ. ಗಾಳಿಯ ಬದಲು ಶುದ್ಧ ಆಕ್ಸಿಜನ್ ಬಳಸಬೇಕಾದದ್ದೂ ಇದೇ ಕಾರಣಕ್ಕೆ, ಏಕೆಂದರೆ ಸ್ಟ್ರಾಂಷಿಯಂ, ಬೇರಿಯಂ ಎರಡೂ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕಾರ್ಬೊನೇಟ್ ಆಗುವ ಸ್ವಭಾವದವು. ನಮಗೆ ಬಂದ ಮೌಲ್ಯ ಹೈಡ್ರೈಡ್‌ನ ಕಡೆಗೆ ವಾಲಿತ್ತು. ಆದರೆ ಅದನ್ನೊಂದನ್ನೇ ಹಿಡಿದು ರಚನೆ ನಿರ್ಧರಿಸುವ ಧೈರ್ಯ ನನಗೆ ಬರಲಿಲ್ಲ.

ನಿಗದಿಯಾದ ದಿನ ಹತ್ತಿರವಾದಾಗ ನ್ಯೂಟ್ರಾನ್ ಮೂಲದಲ್ಲಿ ತಾಂತ್ರಿಕ ತೊಂದರೆಯಾಗಿ ಕಿರಣದ ವೇಳಾಪಟ್ಟಿ ಮುಂದಕ್ಕೆ ಹೋಯಿತು. ಬಹಳ ದಿನ ಕಾದು ಕುಳಿತವರಿಗೆ ಆ ಒಂದು ಸಾಲಿನ ಸೂಚನೆ ಎಷ್ಟು ನಿರಾಸೆ ತರುತ್ತದೆ ಎಂದು ಅನುಭವಿಸಿದವರಿಗಷ್ಟೇ ಗೊತ್ತು. ಇಂಥದು ಆಗುವುದು ಅಪರೂಪವಲ್ಲ, ಆದ್ದರಿಂದ ಪ್ರಬಂಧದ ಗಡುವನ್ನು ಒಂದೇ ಕಿರಣದ ದಿನಾಂಕಕ್ಕೆ ಕಟ್ಟಿಹಾಕಬೇಡಿ.

ಕೊನೆಗೂ ಅಳತೆ ನಡೆದಾಗ ಸಿಕ್ಕ ನಕ್ಷೆ ಕ್ಷ-ಕಿರಣದ ನಕ್ಷೆಗಿಂತ ತೀರಾ ಬೇರೆಯಾಗಿತ್ತು. ನ್ಯೂಟ್ರಾನ್ ಚದುರುವುದು ಪರಮಾಣುವಿನ ನ್ಯೂಕ್ಲಿಯಸ್ಸಿನಿಂದ, ಮತ್ತು ಎಷ್ಟು ಚದುರುತ್ತದೆ ಎಂಬುದಕ್ಕೂ ಪರಮಾಣು ಸಂಖ್ಯೆಗೂ ಸರಳ ಸಂಬಂಧ ಇಲ್ಲ. ಆಕ್ಸಿಜನ್‌ನ ಚದುರಿಕೆಯ ಉದ್ದ (ನ್ಯೂಕ್ಲಿಯಸ್ ನ್ಯೂಟ್ರಾನನ್ನು ಎಷ್ಟು ಬಲವಾಗಿ ಚದುರಿಸುತ್ತದೆ ಎಂಬುದರ ಅಳತೆ) 5.80 ಫೆಮ್ಟೊಮೀಟರ್, ಸಾಮಾನ್ಯ ಹೈಡ್ರೋಜನ್‌ನದು ಋಣ 3.74, ಹೈಡ್ರೋಜನ್‌ನ ಭಾರದ ರೂಪವಾದ ಡ್ಯೂಟೀರಿಯಂನದು ಧನ 6.67. ವನೇಡಿಯಂನದು ಋಣ 0.4ರಷ್ಟು ಮಾತ್ರ, ಅಂದರೆ ನ್ಯೂಟ್ರಾನ್ ವಿವರ್ತನೆಗೆ ವನೇಡಿಯಂ ಹೆಚ್ಚುಕಡಿಮೆ ಅಗೋಚರ. ಪುಡಿ ತುಂಬುವ ಡಬ್ಬಿಗಳನ್ನು ವನೇಡಿಯಂನಿಂದಲೇ ಮಾಡುವುದು ಈ ಗುಣಕ್ಕಾಗಿ. ಹೀಗೆ ನಮ್ಮ ಸಂಯುಕ್ತದಲ್ಲಿ ಕ್ಷ-ಕಿರಣಕ್ಕೆ ಹೈಡ್ರೋಜನ್ ಕಾಣುವುದಿಲ್ಲ, ನ್ಯೂಟ್ರಾನಿಗೆ ವನೇಡಿಯಂ ಕಾಣುವುದಿಲ್ಲ. ಎರಡೂ ದತ್ತಾಂಶಗಳನ್ನು ಒಟ್ಟಿಗೆ ಇಟ್ಟು ಒಂದೇ ಮಾದರಿಯನ್ನು ರಿಫೈನ್ ಮಾಡುವುದೊಂದೇ ದಾರಿ. ಸಾಮಾನ್ಯ ಹೈಡ್ರೋಜನ್ ಎಲ್ಲ ದಿಕ್ಕಿಗೂ ಸಮನಾಗಿ ಹರಡುವ ಅಸಂಗತ ಚದುರಿಕೆಯನ್ನೂ ವಿಪರೀತವಾಗಿ ಉಂಟುಮಾಡುತ್ತದೆ, ಸುಮಾರು 80 ಬಾರ್ನ್‌ಗಳಷ್ಟು (ಬಾರ್ನ್ ಎಂದರೆ ಚದುರಿಕೆಯನ್ನು ಅಳೆಯುವ ಏಕಮಾನ). ಅದರಿಂದ ನಕ್ಷೆಯ ಹಿನ್ನೆಲೆ ಎತ್ತರಕ್ಕೆ ಏರಿ ಚಿಕ್ಕ ಶಿಖರಗಳು ಮುಳುಗುತ್ತವೆ. ಹಾಗಾಗಿ ಹೆಚ್ಚು ಹೊತ್ತು ಅಳೆಯಲು ಮೊದಲೇ ಸಮಯ ಕೇಳಿರಬೇಕು.

ಸಂಶಯದ ಆ ಸ್ಥಾನವನ್ನು ಖಾಲಿ ಬಿಟ್ಟು ಫೂರಿಯೆ ನಕ್ಷೆ (ಮಾದರಿಯಲ್ಲಿ ಬಿಟ್ಟುಹೋದದ್ದು ಸ್ಫಟಿಕದಲ್ಲಿ ಎಲ್ಲಿದೆ ಎಂದು ತೋರಿಸುವ ನಕ್ಷೆ) ತೆಗೆದಾಗ ಅಲ್ಲಿ ಆಳವಾದ ಋಣ ಕುಳಿ ಕಾಣಿಸಿತು. ಖಾಲಿ ಸ್ಥಾನವಾಗಿದ್ದರೆ ಅಲ್ಲಿ ಏನೂ ಇರುತ್ತಿರಲಿಲ್ಲ, ಆಕ್ಸಿಜನ್ ಆಗಿದ್ದರೆ ಧನ ಶಿಖರ ಇರುತ್ತಿತ್ತು. ಋಣ ಕುಳಿಯನ್ನು ವಿವರಿಸಲು ಹೈಡ್ರೋಜನ್ ಬಿಟ್ಟು ಬೇರೆ ಯಾರೂ ಆ ಪುಡಿಯಲ್ಲಿ ಇರಲಿಲ್ಲ. ಪರದೆಯ ಮೇಲೆ ಅದನ್ನು ನೋಡಿದ ಕ್ಷಣದ ಸಂತೋಷವನ್ನು ಮರೆಯಲಾರೆ. ಆದರೆ ಎಲ್ಲರಿಗೂ ಇಷ್ಟು ಸುಲಭವಾಗಿ ಉತ್ತರ ಸಿಗುವುದಿಲ್ಲ. ಒಂದೇ ಸ್ಥಾನದಲ್ಲಿ ಆಕ್ಸಿಜನ್ ಶೇಕಡಾ 39, ಹೈಡ್ರೋಜನ್ ಶೇಕಡಾ 61ರಷ್ಟು ಬೆರೆತು ಕೂತಿದ್ದರೆ ಧನ ಋಣಗಳು ಪರಸ್ಪರ ಕಳೆದು ಸರಾಸರಿ ಸೊನ್ನೆಯಾಗುತ್ತದೆ. ಆಗ ಪೂರ್ತಿ ತುಂಬಿರುವ ಸ್ಥಾನವೂ ನ್ಯೂಟ್ರಾನಿಗೆ ಪೂರ್ತಿ ಖಾಲಿಯಾಗಿಯೇ ಕಾಣುತ್ತದೆ. ನಿಮ್ಮ ಸಂಯುಕ್ತದಲ್ಲಿ ನ್ಯೂಟ್ರಾನ್ ‘ಖಾಲಿ’ ಎಂದು ಹೇಳಿದರೆ ಈ ಸಾಧ್ಯತೆಯನ್ನು ತಳ್ಳಿಹಾಕದೆ ಮುಂದೆ ಹೋಗಬೇಡಿ.

ನಮ್ಮ ನಿಜವಾದ ತಲೆನೋವು ಕಾಣಿಸಿಕೊಂಡದ್ದು ಯಾರೂ ಅನುಮಾನಿಸದಿದ್ದ ಪಕ್ಕದ ಸ್ಥಾನದಲ್ಲಿ. ಪದರದೊಳಗಿನ ಉದ್ದನೆಯ ದಿಕ್ಕಿನಲ್ಲಿರುವ ಆಕ್ಸಿಜನ್ ಶೇಕಡಾ 92ರಷ್ಟು ಮಾತ್ರ ಇದೆ ಎಂದು ರಿಫೈನ್‌ಮೆಂಟ್ ಹೇಳುತ್ತಿತ್ತು. ಉಳಿದ ಶೇಕಡಾ 8 ಖಾಲಿ ಎಂದು ಬರೆದುಬಿಟ್ಟರೆ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅದೇ ಅಂಕಿಗೆ ಇನ್ನೊಂದು ವಿವರಣೆಯೂ ಇದೆ. ಆ ಸ್ಥಾನದಲ್ಲಿ ಶೇಕಡಾ 95 ಆಕ್ಸಿಜನ್, ಶೇಕಡಾ 5 ಹೈಡ್ರೋಜನ್ ಇದ್ದರೆ ಸರಾಸರಿ 5.32 ಫೆಮ್ಟೊಮೀಟರ್ ಆಗುತ್ತದೆ, ಅದು ಶೇಕಡಾ 92 ಆಕ್ಸಿಜನ್‌ಗೆ ಸಮ. ಖಾಲಿ ಸ್ಥಾನಗಳಿದ್ದರೆ ವನೇಡಿಯಂ ಇನ್ನಷ್ಟು ಅಪಕರ್ಷಣೆಗೊಂಡಿರಬೇಕು. ಹೈಡ್ರೈಡ್ ಬೆರೆತಿದ್ದರೆ ಅದು ಎಷ್ಟು, ಎಲ್ಲಿಂದ ಬಂತು ಎಂಬ ಪ್ರಶ್ನೆ ಏಳುತ್ತದೆ. ಒಂದೇ ಸ್ಥಾನದಲ್ಲಿ ಎರಡು ಬಗೆಯ ಪರಮಾಣುಗಳು ಬೆರೆತಾಗ ವಿವರ್ತನೆ ಸರಾಸರಿಯನ್ನಷ್ಟೇ ಹೇಳುತ್ತದೆ ಎಂಬುದಕ್ಕೆ ಮಾಲಿಬ್ಡಿನಂ ಆಕ್ಸೊಕ್ಲೋರೈಡ್‌ಗಳ ಚರಿತ್ರೆ ಒಳ್ಳೆಯ ಪಾಠ. ನೀಲಿ ಮತ್ತು ಹಸಿರು ಬಣ್ಣದ ಎರಡು ಸ್ಫಟಿಕಗಳಲ್ಲಿ ಇರುವುದು ಒಂದೇ ಅಣು, ಮಾಲಿಬ್ಡಿನಂ-ಆಕ್ಸಿಜನ್ ಬಂಧದ ಉದ್ದ ಮಾತ್ರ ಬೇರೆ ಎಂದು 1970ರ ದಶಕದಿಂದ ನಂಬಲಾಗಿತ್ತು. ಹಸಿರು ಸ್ಫಟಿಕವು ನೀಲಿ ಅಣುವಿನೊಂದಿಗೆ ಹಳದಿ ಬಣ್ಣದ ಕ್ಲೋರೈಡ್ ಸೇರಿಕೊಂಡದ್ದು, ಉದ್ದವಾಗಿ ಕಂಡ ಬಂಧ ಆಕ್ಸಿಜನ್ ಮತ್ತು ಕ್ಲೋರಿನ್ ಸ್ಥಾನಗಳ ಸರಾಸರಿ ಎಂದು 1990ರ ದಶಕದ ಆರಂಭದಲ್ಲಿ ರಸಾಯನವಿಜ್ಞಾನಿ ಪಾರ್ಕಿನ್ ಮತ್ತು ಸಂಗಡಿಗರು ತೋರಿಸಿದರು.

ಈ ಗಂಟನ್ನು ಬಿಡಿಸಲು ಅದೇ ಸಂಯುಕ್ತವನ್ನು ಡ್ಯೂಟೀರಿಯಂನಿಂದ ಮತ್ತೊಮ್ಮೆ ತಯಾರಿಸಬೇಕಾಯಿತು. ಕ್ಯಾಲ್ಸಿಯಂ ಲೋಹವನ್ನು ಡ್ಯೂಟೀರಿಯಂ ಅನಿಲದಲ್ಲಿ ಕಾಯಿಸಿ ಡ್ಯೂಟರೈಡ್ ಮಾಡಿಕೊಂಡು, ಮುಚ್ಚುವ, ಕಾಯಿಸುವ, ಅರೆಯುವ ಚಕ್ರವನ್ನು ಮೊದಲಿನಿಂದ ನಡೆಸಿ, ಹೊಸ ಅರ್ಜಿ ಹಾಕಿ, ಮತ್ತೆ ಕಾದೆವು. ತರ್ಕ ಸರಳವಾಗಿದೆ. ಆ ಸ್ಥಾನದಲ್ಲಿ ಶೇಕಡಾ 8 ನಿಜವಾಗಿ ಖಾಲಿ ಇದ್ದರೆ ಡ್ಯೂಟೀರಿಯಂ ಪುಡಿಯಲ್ಲೂ ಅದು 92 ಎಂದೇ ಕಾಣಬೇಕು. ಶೇಕಡಾ 5 ಡ್ಯೂಟೀರಿಯಂ ಬೆರೆತಿದ್ದರೆ ಸರಾಸರಿ 5.84 ಆಗಿ, ಸ್ಥಾನ ಪೂರ್ತಿ ತುಂಬಿದಂತೆ ಕಾಣಬೇಕು. ಇಲ್ಲಿ ಎದುರಾಗುವ ಅಪಾಯ ಡ್ಯೂಟೀರಿಯಂನ ಶುದ್ಧತೆಯದು. ಡ್ಯೂಟೀರಿಯಂ ಇರಬೇಕಾದ ಸ್ಥಾನದಲ್ಲಿ ಶೇಕಡಾ 5ರಷ್ಟು ಸಾಮಾನ್ಯ ಹೈಡ್ರೋಜನ್ ಸೇರಿಕೊಂಡರೂ ಸರಾಸರಿ 6.67ರಿಂದ 6.15ಕ್ಕೆ ಇಳಿದು, ಆ ಸ್ಥಾನವೂ ಶೇಕಡಾ 8ರಷ್ಟು ಖಾಲಿ ಎಂಬಂತೆ ತೋರುತ್ತದೆ. ಆದ್ದರಿಂದ ಕಿರಣಕ್ಕೆ ಕೊಡುವ ಮುನ್ನವೇ ಪುಡಿಯ ಒಂದು ಚೂರನ್ನು ಕಾಯಿಸಿ ಹೊರಬರುವ ಅನಿಲದಲ್ಲಿ ದ್ರವ್ಯರಾಶಿ 4 (ಎರಡೂ ಡ್ಯೂಟೀರಿಯಂ ಇರುವ ಅಣು) ಮತ್ತು 3ರ (ಒಂದು ಹೈಡ್ರೋಜನ್, ಒಂದು ಡ್ಯೂಟೀರಿಯಂ ಇರುವ ಅಣು) ಸಂಕೇತಗಳನ್ನು ಹೋಲಿಸಿ ನೋಡಿ. ಮೂರರ ಸಂಕೇತ ದೊಡ್ಡದಾಗಿದ್ದರೆ ಎಲ್ಲೋ ತೇವದ ಮೂಲಕ ಹೈಡ್ರೋಜನ್ ಒಳಸೇರಿದೆ ಎಂದೇ ತಿಳಿಯಬೇಕು.

ಡ್ಯೂಟೀರಿಯಂ ಪುಡಿಯಲ್ಲಿ ಆ ಸ್ಥಾನ ದೋಷದ ಮಿತಿಯೊಳಗೆ ಪೂರ್ತಿ ತುಂಬಿತ್ತು. ಅಂದರೆ ಅಲ್ಲಿದ್ದದ್ದು ಖಾಲಿತನವಲ್ಲ, ಹೈಡ್ರೈಡ್. ಇದು ತಿಳಿದ ಮೇಲೆ ಹೈಡ್ರೋಜನ್ ಪುಡಿಯ ಮೊದಲ ದತ್ತಾಂಶಕ್ಕೆ ಮರಳಿ ನೋಡಿದಾಗ, ಹೈಡ್ರೈಡ್ ಸ್ಥಾನದ ಮೌಲ್ಯವೂ ಋಣ 3.74ರಷ್ಟು ಆಳವಾಗಿರದೆ ಋಣ 3.3ರ ಆಸುಪಾಸಿನಲ್ಲಿ ಇರುವುದಕ್ಕೆ ಅರ್ಥ ಸಿಕ್ಕಿತು: ಶೇಕಡಾ 5ರಷ್ಟು ಆಕ್ಸಿಜನ್ ಅಲ್ಲಿಗೆ ಹೋಗಿ ಕೂತಿದೆ. ಒಟ್ಟು ಸಂಯೋಜನೆ ಬದಲಾಗಿಲ್ಲ, ಎರಡು ಸ್ಥಾನಗಳ ನಡುವೆ ಅದಲುಬದಲು ನಡೆದಿದೆ ಅಷ್ಟೆ. ಅದೇ ಹೊತ್ತಿಗೆ ಬಂದ ಸಿಂಕ್ರೊಟ್ರಾನ್ (ತೀವ್ರ ಕ್ಷ-ಕಿರಣ ಕೊಡುವ ಕಣ ವೇಗವರ್ಧಕ) ಕ್ಷ-ಕಿರಣ ನಕ್ಷೆ ಇದಕ್ಕೆ ಕಾರಣವನ್ನೂ ಸೂಚಿಸಿತು. ಸೀಳಿದ ಶಿಖರಗಳ ಜೋಡಿಯ ನಡುವಿನ ಕಣಿವೆ ತಳಮುಟ್ಟದೆ, ಅಲ್ಲಿ ತೆಳುವಾದ ಸೇತುವೆಯಂಥ ತೀವ್ರತೆ ಉಳಿದಿತ್ತು, ಮತ್ತು ಪದರದೊಳಗಿನ ದಿಕ್ಕುಗಳಿಗೆ ಸೇರಿದ ಶಿಖರಗಳಷ್ಟೇ ಅಗಲವಾಗಿದ್ದವು. ಕೆಲವು ಪ್ರದೇಶಗಳಲ್ಲಿ ಹೈಡ್ರೈಡ್ ಸಾಲುಗಳು ನೆರೆಯ ಪ್ರದೇಶಕ್ಕೆ ಅಡ್ಡವಾಗಿ, 90 ಡಿಗ್ರಿ ತಿರುಗಿ ಹರಿಯುತ್ತವೆ ಎಂದುಕೊಂಡರೆ ಈ ಅಗಲ, ಆ ಅದಲುಬದಲು ಎರಡೂ ಒಂದೇ ಕಾರಣಕ್ಕೆ ಬರುತ್ತವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಒಂದೇ ಕಣದ ಬೇರೆ ಬೇರೆ ಭಾಗಗಳಿಂದ ತೆಗೆದ ವಿವರ್ತನೆ ಚಿತ್ರಗಳು ಹಾಗೆ ತಿರುಗಿದ ಪ್ರದೇಶಗಳನ್ನು ತೋರಿಸಿದವು.

ಸಮ್ಮಿತಿಯ ಬಗ್ಗೆ ಒಂದು ಮಾತು. ಸ್ಫಟಿಕಗಳಿಗೆ ಇರುವ 230 ಸಮ್ಮಿತಿ ಗುಂಪುಗಳಲ್ಲಿ ನಮ್ಮ ದತ್ತಾಂಶಕ್ಕೆ 71ನೆಯ ಗುಂಪೂ ಅದರ ಉಪಗುಂಪಾದ 44ನೆಯದೂ ಹೊಂದುತ್ತಿದ್ದವು. ಎರಡನೆಯದರಲ್ಲಿ ಸಮ್ಮಿತಿ ಕಡಿಮೆ, ಬದಲಿಸಬಹುದಾದ ನಿಯತಾಂಕಗಳು ಹೆಚ್ಚು, ಹಾಗಾಗಿ ಆರ್ ಮೌಲ್ಯ ಸಹಜವಾಗಿಯೇ ಸ್ವಲ್ಪ ಇಳಿಯುತ್ತದೆ. ಆ ಇಳಿಕೆಗೆ ಬೆಲೆ ಇಲ್ಲ ಎಂದು ನಿರ್ಧರಿಸಿದ್ದು ನಿಯತಾಂಕಗಳ ನಡುವಿನ ಪರಸ್ಪರ ಅವಲಂಬನೆಯನ್ನು ನೋಡಿ, ಸ್ಥಾನಪಲ್ಲಟಗಳು ದೋಷದ ಮಿತಿಯನ್ನು ದಾಟಿಲ್ಲ ಎಂಬುದನ್ನು ಖಚಿತಪಡಿಸಿಕೊಂಡು. ಪ್ರಕಟವಾದ ಅನೇಕ ರಚನೆಗಳಿಗೆ ಅಗತ್ಯಕ್ಕಿಂತ ಕಡಿಮೆ ಸಮ್ಮಿತಿ ಕೊಡಲಾಗಿದೆ ಎಂದು ಸ್ಫಟಿಕವಿಜ್ಞಾನಿ ರಿಚರ್ಡ್ ಮಾರ್ಷ್ ವರ್ಷಗಟ್ಟಲೆ ಒಂದೊಂದನ್ನೇ ಪರಿಶೀಲಿಸಿ ತೋರಿಸಿಕೊಟ್ಟಿದ್ದಾರೆ. ಅವರ ಆ ಲೇಖನಗಳನ್ನು ಓದಿದವರು ಈ ವಿಷಯದಲ್ಲಿ ಅವಸರ ಮಾಡುವುದಿಲ್ಲ.

ಬರೆಯುವ ಹಂತದಲ್ಲಿ ರಚನೆಯ ಸಿಐಎಫ್ ಕಡತವನ್ನು (ಸ್ಫಟಿಕ ರಚನೆಯ ವಿವರಗಳನ್ನು ದಾಖಲಿಸುವ ಪ್ರಮಾಣಿತ ಕಡತ) ಪರಿಶೀಲನಾ ತಂತ್ರಾಂಶಕ್ಕೆ ಕೊಟ್ಟಾಗ ಬರುವ ಎಚ್ಚರಿಕೆಗಳ ಪಟ್ಟಿ ಹೊಸಬರನ್ನು ಹೆದರಿಸುತ್ತದೆ. ಆ ಪರೀಕ್ಷೆಗಳಲ್ಲಿ ಬಹುಪಾಲು ಏಕಸ್ಫಟಿಕ ದತ್ತಾಂಶವನ್ನು ಮನಸ್ಸಿನಲ್ಲಿಟ್ಟು ರೂಪಿಸಿದವು, ಪುಡಿಯ ದತ್ತಾಂಶಕ್ಕೆ ಕೆಲವು ಅನ್ವಯಿಸುವುದೇ ಇಲ್ಲ. ಆದರೂ ಪ್ರತಿಯೊಂದಕ್ಕೂ ಒಂದು ವಾಕ್ಯದ ವಿವರಣೆ ಬರೆದು ಕಡತದಲ್ಲೇ ಸೇರಿಸಿದರೆ ವಿಮರ್ಶಕರ ಅರ್ಧ ಪ್ರಶ್ನೆಗಳು ಅಲ್ಲಿಯೇ ಮುಗಿಯುತ್ತವೆ. ನಮ್ಮ ವಿಮರ್ಶಕರಲ್ಲಿ ಒಬ್ಬರು ಕೇಳಿದ್ದು ಒಂದೇ: ಬೆರೆತಿರುವ ಶೇಕಡಾ 5 ಎಂಬ ಅಂಕಿ ಪರಮಾಣುವಿನ ಕಂಪನದ ನಿಯತಾಂಕದೊಂದಿಗೆ ತಳುಕು ಹಾಕಿಕೊಂಡಿಲ್ಲವೇ? ಅತ್ಯಂತ ಯೋಗ್ಯವಾದ ಪ್ರಶ್ನೆ, ಏಕೆಂದರೆ ಹೆಚ್ಚು ಕಂಪಿಸುವ ಪರಮಾಣು ಮತ್ತು ಪೂರ್ತಿ ತುಂಬದ ಸ್ಥಾನ ಎರಡೂ ದೂರದ ಕೋನಗಳ ಶಿಖರಗಳನ್ನು ಒಂದೇ ರೀತಿ ಕುಗ್ಗಿಸುತ್ತವೆ. ಕಡಿಮೆ ತಾಪಮಾನದಲ್ಲಿಯೂ ಅಳೆದಿಟ್ಟಿದ್ದರಿಂದ, ಕಂಪನ ಇಳಿದರೂ ಬೆರಕೆಯ ಪ್ರಮಾಣ ಬದಲಾಗಲಿಲ್ಲ ಎಂದು ತೋರಿಸಲು ಸಾಧ್ಯವಾಯಿತು. ಕಿರಣದ ಸಮಯ ಸಿಕ್ಕಾಗ ಕೋಣೆಯ ತಾಪಮಾನದ ಅಳತೆಗೇ ನಿಲ್ಲಿಸಬೇಡಿ, ತಂಪಿನಲ್ಲಿ ಒಂದು ಅಳತೆಗೆ ಅರ್ಜಿಯಲ್ಲೇ ಜಾಗ ಕೇಳಿಡಿ.

ಕೊನೆಯದಾಗಿ ಪುಡಿಯ ವಿಷಯ. ನ್ಯೂಟ್ರಾನ್ ಕಿರಣದಲ್ಲಿ ಇಟ್ಟ ಪುಡಿ ಸ್ವಲ್ಪ ಮಟ್ಟಿಗೆ ವಿಕಿರಣಶೀಲವಾಗಬಹುದು, ಆದ್ದರಿಂದ ಅಳತೆಯಾದ ಕೂಡಲೇ ಅದನ್ನು ಕೈಗೆ ಕೊಡುವುದಿಲ್ಲ. ವಿಕಿರಣ ಇಳಿದಿದೆ ಎಂಬ ಪ್ರಮಾಣಪತ್ರ ಬಂದ ಮೇಲಷ್ಟೇ ಸಾಗಿಸಬಹುದು. ಮುಂದಿನ ಪರೀಕ್ಷೆಗಳಿಗೆ ಅದೇ ಕಂತಿನ ಪುಡಿಯ ಒಂದು ಪಾಲನ್ನು ಕಿರಣಕ್ಕೆ ಕೊಡದೆ ಗ್ಲೋವ್ ಬಾಕ್ಸಿನಲ್ಲಿ ಉಳಿಸಿಕೊಂಡಿರಿ. ವಿಮರ್ಶಕರು ಕೇಳಿದ ಹೆಚ್ಚುವರಿ ಕ್ಷ-ಕಿರಣ ನಕ್ಷೆಯನ್ನೂ ತೂಕದ ಅಳತೆಯನ್ನೂ ನಾವು ಆ ಉಳಿಸಿಟ್ಟ ಪಾಲಿನಿಂದಲೇ ಕೊಟ್ಟೆವು.